ಸಾಂದ್ರೊಗೆ ಒಂದು ನೈರೋಬಿ ಸರ್ಟಿಫಿಕೇಟು

ಬೆರ್ಗಾಮೊ, ಇಟಲಿ
೪ ನವೆಂಬರ್ ೧೯೯೬

ಪ್ರೀತಿಯ ಕಮಲಾ,

ಕ್ರಿಸ್ಮಸ್ ಕಾರ್ಡು ಬಿಟ್ಟರೆ ಬೇರೇನೂ ಕಳಿಸದವಳು ಇಷ್ಟುದ್ದ ಕಾಗದ ಬರೆದಿದ್ದಾಳೆ ಎಂದರೆ ಏನೋ ಕೆಲಸ ಉಂಟು ಎಂದು ನೀನು ಆಗಲೇ ನಕ್ಕಿರುತ್ತಿ. ಹೌದು ಮಾರಾಯ್ತಿ, ಕೆಲಸ ಉಂಟು. ನನ್ನ ಮಗನನ್ನು ಮೂರು ತಿಂಗಳು ನಿನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕು.

ಸಾಂದ್ರೊನನ್ನು ನೀನು ಫೋಟೋದಲ್ಲಿ ನೋಡಿದ್ದಿ. ನನ್ನ ಗಂಡ ಪಿಯೆತ್ರೊನ ಮೊದಲ ಹೆಂಡತಿಯ ಮಗ. ನಾನು ಈ ಮನೆಗೆ ಬಂದಾಗ ಆರು ವರ್ಷ, ಈಗ ಇಪ್ಪತ್ತೆರಡು. ರಸ್ತೆಯ ಸೈಕಲ್ ರೇಸ್ ಅವನ ಉದ್ಯೋಗ. ಅದೂ ಒಂದು ಉದ್ಯೋಗವೇ ಎಂದು ಮಂಗಳೂರಿನಲ್ಲಿ ನನ್ನ ಅಣ್ಣ ಸೆಬಾಸ್ಟಿಯನ್ ಈಗಲೂ ಕೇಳುತ್ತಾನೆ, ನಮ್ಮಲ್ಲಿ ಸೈಕಲ್ ಎಂದರೆ ಮೀನು ಮಾರುವವರದ್ದಲ್ಲವಾ. ಇಲ್ಲಿ ಹಾಗಲ್ಲ. ಎರಡು ವರ್ಷದ ಹಿಂದೆ ಅವನು ಬೆಟ್ಟ ಹತ್ತುವ ದೊಡ್ಡ ರೇಸ್ ಗೆದ್ದ ಮರುದಿನ ಬ್ರೆಡ್ ಅಂಗಡಿಯ ಮುದುಕಿ ನನ್ನ ಕೈ ಹಿಡಿದುಕೊಂಡು ಅತ್ತಳು. ಇನ್ನು ಹತ್ತು ವರ್ಷ ಬೆಟ್ಟದಲ್ಲಿ ಈ ಹುಡುಗನನ್ನು ನೋಡುತ್ತಿರಿ ಎಂದು ಪತ್ರಿಕೆಯವರು ಬರೆದರು. ಆಮೇಲೆ ಒಂದು ವೃತ್ತಿಪರ ತಂಡಕ್ಕೆ ಸೇರಿದ. ಅಲ್ಲಿಂದ ಈಚೆಗೆ ಒಂದೂ ಗೆದ್ದಿಲ್ಲ.

ಮಾರ್ಚ್ ಒಂಬತ್ತರಿಂದ ಎಂಟು ದಿನದ ಒಂದು ರೇಸ್ ಉಂಟು. ತಂಡದಲ್ಲಿ ಇವನ ವಯಸ್ಸಿನವರು ಮೂವರು. ಆ ರೇಸ್ ನೋಡಿ ಒಬ್ಬನಿಗೆ ಎರಡು ವರ್ಷದ ಕರಾರು ಕೊಡುತ್ತಾರೆ. ಉಳಿದಿಬ್ಬರು ಮನೆಗೆ. ಅವನು ರಾತ್ರಿ ಹಗಲು ಅದನ್ನೇ ಯೋಚಿಸುತ್ತಾನೆ, ನಾನೂ ಅಷ್ಟೆ.

ಎತ್ತರದ ಊರಿನಲ್ಲಿ ಅಭ್ಯಾಸ ಮಾಡಿದರೆ ಒಳ್ಳೆಯದಂತೆ. ನಿನ್ನ ನೈರೋಬಿ ಸಮುದ್ರದಿಂದ ಐದೂವರೆ ಸಾವಿರ ಅಡಿ ಮೇಲೆ, ಮೇಲಾಗಿ ನೀನು ಲ್ಯಾಬಿನಲ್ಲಿದ್ದಿ ಎಂದಾಗ ತಂಡದ ಡಾಕ್ಟರಿಗೆ ಬಹಳ ಖುಷಿಯಾಯಿತು. ಎರಡು ಸಣ್ಣ ಕೆಲಸ ನಿನಗೆ. ಅವನ ಜೊತೆ ಒಂದು ಫ್ಲಾಸ್ಕಿನಲ್ಲಿ ಇಂಜೆಕ್ಷನ್ ಕಳಿಸುತ್ತೇನೆ, ಕಬ್ಬಿಣ ಮತ್ತು ವಿಟಮಿನ್. ಫ್ರಿಜ್ಜಿನಲ್ಲಿಟ್ಟು ವಾರಕ್ಕೆ ಮೂರು ಸಲ ಕೊಡು. ಇಲ್ಲಿ ನಾನೇ ಕೊಡುತ್ತಿದ್ದೇನೆ, ಮನೆಯಲ್ಲೇ ನರ್ಸು ಇರುವಾಗ ಬೇರೆಯವರೇಕೆ. ಎರಡನೆಯದು, ಹೊಸ ವರ್ಷದಿಂದ ಒಂದು ನಿಯಮ ಬರುತ್ತದಂತೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಐವತ್ತು ದಾಟಿದವರನ್ನು ಹದಿನೈದು ದಿನ ರೇಸಿಗೆ ಬಿಡುವುದಿಲ್ಲ. ಎತ್ತರದಲ್ಲಿದ್ದು ಬಂದವರಿಗೆ ಸಹಜವಾಗಿಯೇ ಹೆಚ್ಚಿರುತ್ತದೆ, ನಿನಗೆ ಗೊತ್ತಿರುವುದೇ. ಹಾಗಾಗಿ ಅವನ ರಕ್ತ ನೋಡಿ ನಿಮ್ಮ ಲ್ಯಾಬಿನ ಪ್ಯಾಡಿನಲ್ಲಿ ಒಂದು ಸರ್ಟಿಫಿಕೇಟು ಮಾಡಿಸಿಕೊಡು.

ಮೈಸೂರಿನ ಹಾಸ್ಟೆಲಿನಲ್ಲಿ ನಿನ್ನ ಒಂದು ಮಾತಿಗೂ ನಾನು ಇಲ್ಲ ಅಂದದ್ದಿಲ್ಲ.

ನಿನ್ನ
ಫ್ಲಾವಿಯಾ


ಸೌತ್ ಬಿ, ನೈರೋಬಿ
೨ ಡಿಸೆಂಬರ್ ೧೯೯೬

ಫ್ಲಾವಿಯಾ,

ನಿನ್ನ ಮಗ ಕ್ಷೇಮವಾಗಿದ್ದಾನೆ. ನನ್ನ ಅಡುಗೆಮನೆ ಇಲ್ಲ. ಬೆಳಿಗ್ಗೆ ಎಂಟು ಚಪಾತಿ, ಒಂದು ಬಾಣಲೆ ಉಪ್ಪಿಟ್ಟು, ನಾಲ್ಕು ಬಾಳೆಹಣ್ಣು. ಮನೆಕೆಲಸಕ್ಕೆ ಬರುವ ಹೆಲನ್ ತನಗೆಂದು ಮಾಡಿಕೊಂಡ ಉಗಾಲಿಯನ್ನೂ ಬಿಡುವುದಿಲ್ಲ. ಅದು ನಮ್ಮ ಮುದ್ದೆಯ ಅಕ್ಕ, ಬಿಳೀ ಮುಸುಕಿನ ಜೋಳದ ಹಿಟ್ಟಿನದು. ಇಷ್ಟು ತಿಂದು ಈ ಹುಡುಗ ಕಡ್ಡಿಯ ಹಾಗೆ ಇರುವುದು ಹೇಗೆ ಅಂತ ಅವಳಿಗೆ ಆಶ್ಚರ್ಯ. ನನಗೆ ಹೊಟ್ಟೆಕಿಚ್ಚು.

ಬಂದದ್ದು ಹದಿನೇಳನೇ ತಾರೀಕು. ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ಮೂರು ದಿನದಲ್ಲಿ ಇಡೀ ಬೀದಿಗೆ ಪರಿಚಯವಾದ. ಬೆಳಿಗ್ಗೆ ಆರಕ್ಕೆ ಹೊರಟರೆ ಲಿಮೂರುವಿನ ಟೀ ತೋಟಗಳ ತನಕ ಹತ್ತಿ ಹನ್ನೊಂದಕ್ಕೆ ವಾಪಸು. ಜನ ತುಂಬಿಕೊಂಡು ನುಗ್ಗುವ ಈ ಮಟಾಟು ವ್ಯಾನುಗಳ ಮಧ್ಯೆ ಸೈಕಲ್ಲೇ ಅಂತ ನನಗೆ ಜೀವ ಕೈಯಲ್ಲಿ. ಆ ರೂಟಿನ ಡ್ರೈವರ್ ಜೋಸೆಫ್ ಅಂತ ಒಬ್ಬ ಇವನ ಗೆಳೆಯನಾಗಿದ್ದಾನೆ. ಏರಿನಲ್ಲಿ ಇವನು ಮಟಾಟುವನ್ನು ಹಿಂದೆ ಹಾಕಿದರೆ ಒಳಗಿನ ಜನ ತಗಡು ಬಡಿದು ಕೂಗುತ್ತಾರಂತೆ. ನಮ್ಮವರು, ಸೂರ್ಯನಾರಾಯಣ ಮೇಷ್ಟ್ರು, ಕಾಲೇಜಿನ ಲೆಕ್ಕದ ಪಾಠ ಬಿಟ್ಟು ಇವನ ದೂರ, ವೇಗ, ನಾಡಿ ಎಲ್ಲ ಗ್ರಾಫ್ ಹಾಳೆಯಲ್ಲಿ ಬರೆಯುತ್ತಾ ಕೂತಿರುತ್ತಾರೆ. ಮಗಳು ಮೈಸೂರಿಗೆ ಓದಲು ಹೋದ ಮೇಲೆ ಮನೆಯಲ್ಲಿ ಇಷ್ಟು ಸದ್ದು ಇರಲಿಲ್ಲ ಕಣೇ.

ಸೋಮವಾರ, ಬುಧವಾರ, ಶುಕ್ರವಾರ ತಪ್ಪದೆ ಇಂಜೆಕ್ಷನ್ ಕೊಡುತ್ತಿದ್ದೇನೆ. ಮೂರನೇ ದಿನ ಲ್ಯಾಬಿಗೆ ಕರೆದುಕೊಂಡು ಹೋಗಿ ರಕ್ತ ತೆಗೆದೆ, ಐವತ್ತೊಂದು. ಮೊನ್ನೆ ಮತ್ತೆ ತೆಗೆದೆ, ಐವತ್ತಮೂರು. ಗಾಬರಿಯಾಗಬೇಡ. ನಿಮ್ಮಲ್ಲಿ ಇದು ಜಾಸ್ತಿ ಅನ್ನಿಸಬಹುದು, ಇಲ್ಲಿ ಗಂಡಸರಲ್ಲಿ ಐವತ್ತೆರಡು ಐವತ್ತಮೂರು ದಿನಾ ನೋಡುತ್ತೇವೆ, ನಮ್ಮ ಫಾರಮ್ಮಿನಲ್ಲೇ ಐವತ್ತನಾಲ್ಕರ ತನಕ ಸರಿ ಅಂತ ಅಚ್ಚಾಗಿದೆ. ನಮ್ಮೂರಿನ ಗಾಳಿ ಅವನಿಗೆ ಹಿಡಿಸಿದೆ ಅಂತ ತಿಳಿದುಕೋ. ಲ್ಯಾಬಿನ ಯಜಮಾನರು ವಾಮನ ಡಾಕ್ಟರು ನನ್ನ ಮಾತು ಕೇಳಿ, ನೋಡದೇ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಇದರ ಜೊತೆ ಇಟ್ಟಿದ್ದೇನೆ.

ಮನೆಯ ಫೋನು ಸತ್ತು ನಾಲ್ಕು ತಿಂಗಳು. ಏನಾದರೂ ಇದ್ದರೆ ನ್ಗಾರಾದ ಲ್ಯಾಬಿಗೆ ಮಾಡು, ಹತ್ತರಿಂದ ಹನ್ನೆರಡರ ತನಕ ನಾನೇ ಎತ್ತುವುದು.

ಕಮಲಾ


ಬೆರ್ಗಾಮೊ
೧೬ ಡಿಸೆಂಬರ್ ೧೯೯೬

ನನ್ನ ಚಿನ್ನದಂಥ ಕಮಲಾ,

ಕಾಗದ ಸಿಕ್ಕಿತು, ಸರ್ಟಿಫಿಕೇಟೂ ಸಿಕ್ಕಿತು. ಅದೇ ದಿನ ತಂಡದ ಡಾಕ್ಟರಿಗೆ ಕೊಟ್ಟು ಬಂದೆ. ಅವರು ಎರಡೆರಡು ಸಲ ಓದಿಸಿಕೊಂಡರು, ಸೀಲು ಮುಟ್ಟಿ ನೋಡಿದರು. ಇಷ್ಟು ಸ್ಪಷ್ಟವಾದ ಕಾಗದ ತಾನು ನೋಡಿಯೇ ಇಲ್ಲವೆಂದರು. ನಿನಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಅವನು ಹೇಗಿದ್ದಾನೆ? ತಲೆನೋವು ಅನ್ನುತ್ತಾನಾ? ಮೀನಖಂಡ ಹಿಡಿದುಕೊಳ್ಳುತ್ತದಾ? ಸುಮ್ಮನೆ ಕೇಳಿದೆ, ಬಿಸಿಲಿನ ಊರು ಅಲ್ಲವಾ. ನೀರು ಚೆನ್ನಾಗಿ ಕುಡಿಯಲು ಹೇಳು. ದಿನಕ್ಕೆ ನಾಲ್ಕು ಲೀಟರಾದರೂ ಕುಡಿಯಲಿ. ಇಂಜೆಕ್ಷನ್ ಒಂದೂ ತಪ್ಪಿಸಬೇಡ. ಮತ್ತೆ ಆ ಇಂಜೆಕ್ಷನ್ ವಿಷಯ ಅವನ ಹತ್ತಿರ ಹೆಚ್ಚು ಮಾತಾಡಲಿಕ್ಕೆ ಹೋಗಬೇಡ, ಸೂಜಿ ಎಂದರೆ ಅವನಿಗೆ ಮೊದಲಿನಿಂದಲೂ ಹೆದರಿಕೆ.

ಇನ್ನೊಂದು ಉಪಕಾರ. ತಂಡದ ಉಳಿದ ಇಬ್ಬರು ಹುಡುಗರನ್ನೂ ಜನವರಿ ಕೊನೆಗೆ ಎರಡು ವಾರ ನೈರೋಬಿಗೆ ಕಳಿಸುತ್ತಾರಂತೆ. ಅವರು ಹೋಟೆಲಿನಲ್ಲಿರುತ್ತಾರೆ, ನಿನಗೆ ತೊಂದರೆ ಇಲ್ಲ. ಅವರಿಗೂ ಇಂಥದ್ದೇ ಸರ್ಟಿಫಿಕೇಟು ಬೇಕಂತೆ. ಡಾಕ್ಟರು ತಾವೇ ಟೈಪ್ ಮಾಡಿಸಿದ ಎರಡು ಕರಡು ಕೊಟ್ಟಿದ್ದಾರೆ, ಒಳಗಿಟ್ಟಿದ್ದೇನೆ. ನಾನು ಸರಿಯಾಗಿ ಓದಲಿಲ್ಲ, ಡ್ಯೂಟಿಗೆ ಹೊತ್ತಾಗಿತ್ತು.

ಕ್ರಿಸ್ಮಸಿಗೆ ಅವನಿಗೆ ಒಂದು ಕೇಕು ತೆಗೆದುಕೊಡು. ಹದಿನಾರು ವರ್ಷದಲ್ಲಿ ಇದು ಅವನಿಲ್ಲದ ಮೊದಲ ಕ್ರಿಸ್ಮಸ್.

ಫ್ಲಾವಿಯಾ


ಸೌತ್ ಬಿ
೩ ಜನವರಿ ೧೯೯೭

ಫ್ಲಾವಿಯಾ,

ಇದನ್ನು ಒಬ್ಬಳೇ ಕೂತು ಓದು.

ನೀನು ಓದಿಲ್ಲ ಅಂದ ಕರಡುಗಳನ್ನು ನಾನು ಓದಿದೆ. ಇನ್ನೂ ವಿಮಾನ ಹತ್ತದ ಹುಡುಗರ ರಕ್ತದ ಅಂಕಿ ಆಗಲೇ ಟೈಪಾಗಿದೆ. ಒಬ್ಬನಿಗೆ ಐವತ್ತನಾಲ್ಕು, ಇನ್ನೊಬ್ಬನಿಗೆ ಐವತ್ತೈದು. ವಾಮನ ಡಾಕ್ಟರು ಸಹಿ ಹಾಕಬೇಕಾದ ಜಾಗದಲ್ಲಿ ಚುಕ್ಕಿ ಗೆರೆ. ಯಾರ ತಮಾಷೆ ಇದು ಅಂತ ಮೊದಲು ನಗು ಬಂತು. ಆಮೇಲೆ ಲ್ಯಾಬಿಗೆ ಹೋಗಿ ನನ್ನ ರಿಜಿಸ್ಟರು ತೆಗೆದೆ.

ಸಾಂದ್ರೊ ಬಂದದ್ದು ಹದಿನೇಳು. ನಾನು ಮೊದಲ ಸಲ ರಕ್ತ ತೆಗೆದದ್ದು ಇಪ್ಪತ್ತು. ಐವತ್ತೊಂದು. ಮೂರು ದಿನದಲ್ಲಿ ನೈರೋಬಿ ಯಾರ ರಕ್ತವನ್ನೂ ಅಷ್ಟು ಏರಿಸುವುದಿಲ್ಲ, ವಾರಗಳು ಬೇಕು. ಇದು ನಾನು ಹೊಸ ಹುಡುಗಿಯರಿಗೆ ಹೇಳಿಕೊಡುವ ಪಾಠ. ಹತ್ತೊಂಬತ್ತು ವರ್ಷದಿಂದ ಈ ಊರಿನ ರಕ್ತ ನೋಡಿ ನೋಡಿ ಐವತ್ತರ ಮೇಲಿನ ಅಂಕಿಗೆ ನನ್ನ ಕಣ್ಣು ಒಗ್ಗಿಹೋಗಿದೆ. ಅವನು ಈ ಊರಿನವನಲ್ಲ ಅನ್ನುವುದನ್ನೇ ಮರೆತು ಸರ್ಟಿಫಿಕೇಟು ಮಾಡಿಸಿಕೊಟ್ಟೆ. ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು.

ಇನ್ನೊಂದು. ಕಬ್ಬಿಣದ ಇಂಜೆಕ್ಷನ್ ಕಪ್ಪು ಚಹಾದ ಬಣ್ಣ, ವಿಟಮಿನ್ನಿನದು ಗುಲಾಬಿ. ಆರು ವಾರದಿಂದ ನಾನು ಅವನಿಗೆ ಚುಚ್ಚುತ್ತಿರುವುದು ನೀರಿನಷ್ಟು ತಿಳಿ. ಶೀಶೆಯ ಚೀಟಿಗಳನ್ನು ಯಾರೋ ಉಗುರಿನಿಂದ ಕೆರೆದು ತೆಗೆದಿದ್ದಾರೆ. ಮೊದಲ ದಿನವೇ ನೋಡಿದ್ದೆ. ಫ್ಲಾವಿಯಾ ಕಳಿಸಿದ್ದು ಅಂತ ಬಾಯಿ ಮುಚ್ಚಿಕೊಂಡಿದ್ದೆ.

ನಿನ್ನೆ ಅವನ ರಕ್ತ ಐವತ್ತೆಂಟು ಬಂತು. ಮತ್ತೆ ತೆಗೆದೆ. ಐವತ್ತೆಂಟೇ. ವಾರದಿಂದ ತಲೆನೋವು, ಕಾಲು ಕಲ್ಲಾಗಿದೆ ಅನ್ನುತ್ತಾನೆ, ಲಿಮೂರು ಹತ್ತಿ ಬಂದು ಊಟ ಮಾಡದೆ ಮಲಗಿಬಿಡುತ್ತಾನೆ. ಅಷ್ಟು ಗಟ್ಟಿ ರಕ್ತ ಎಲ್ಲಿ ಬೇಕಾದರೂ ಕಟ್ಟಿಕೊಳ್ಳಬಹುದು, ಎದೆಯಲ್ಲಿ, ತಲೆಯಲ್ಲಿ. ಅವನು ಬಾತ್‌ರೂಮಿನಿಂದ ಬರುವುದು ತಡವಾದರೆ ನಾನು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ. ಇವತ್ತಿನ ಇಂಜೆಕ್ಷನ್ ಕೊಟ್ಟಿಲ್ಲ. ಫ್ರಿಜ್ಜು ಕೆಟ್ಟು ಔಷಧಿ ಹಾಳಾಗಿದೆ ಅಂತ ಸುಳ್ಳು ಹೇಳಿದ್ದೇನೆ.

ನೇರವಾಗಿ ಕೇಳುತ್ತಿದ್ದೇನೆ, ನೇರವಾಗಿ ಹೇಳು. ಆ ಶೀಶೆಯಲ್ಲಿ ಏನಿದೆ? ನಿನಗೆ ಗೊತ್ತಾ? ಅವನಿಗೆ ಗೊತ್ತಾ? ಕಾಗದ ಕೈಗೆ ಬಂದ ದಿನವೇ ಲ್ಯಾಬಿಗೆ ಫೋನು ಮಾಡು.

ಕಮಲಾ


ಬೆರ್ಗಾಮೊ
೧೪ ಜನವರಿ ೧೯೯೭

ಕಮಲಾ,

ಇವತ್ತು ನಿಮ್ಮ ಹನ್ನೊಂದು ಗಂಟೆಗೆ ಫೋನು ಮಾಡಿದ್ದು ನಾನೇ. ನೀನು ಮೂರು ಸಲ ಹಲೋ ಅಂದಿ. ಇಟ್ಟುಬಿಟ್ಟೆ. ಬರೆಯುವುದು ಸುಲಭ.

ನನಗೆ ಗೊತ್ತುಂಟು. ಅದು ನಮ್ಮ ವಾರ್ಡಿನಲ್ಲಿ ಕಿಡ್ನಿ ಕೆಟ್ಟವರಿಗೆ ಕೊಡುವ ಔಷಧಿ. ಅವರ ಮೈಯಲ್ಲಿ ರಕ್ತ ಹುಟ್ಟುವುದಿಲ್ಲ, ಇದನ್ನು ಕೊಟ್ಟರೆ ಹುಟ್ಟುತ್ತದೆ. ಹಾಸಿಗೆಯಿಂದ ಏಳಲಾರದವರು ತಿಂಗಳಲ್ಲಿ ಕಾರಿಡಾರಿನಲ್ಲಿ ಓಡಾಡುವುದನ್ನು ನಾನು ಕಂಡಿದ್ದೇನೆ. ಸೆಪ್ಟೆಂಬರಿನಲ್ಲಿ ಡಾಕ್ಟರು ನನ್ನನ್ನು ಕರೆದು, ನೀವು ನರ್ಸು, ನಿಮ್ಮ ಕೈಯಲ್ಲಾದರೆ ಮನೆಯಲ್ಲೇ ಆಗುತ್ತದೆ, ಹೊರಗೆ ಸುದ್ದಿ ಇಲ್ಲ ಅಂದರು. ಹುಡುಗನಿಗೆ ಕಬ್ಬಿಣ ಅಂತ ಹೇಳಿ ಅಂದರು. ಚೀಟಿ ಕೆರೆದದ್ದು ನಾನೇ, ನಮ್ಮ ಅಡುಗೆಮನೆಯ ಸಿಂಕಿನಲ್ಲಿ.

ನನ್ನನ್ನು ರಾಕ್ಷಸಿ ಎಂದುಕೊಳ್ಳಬೇಡ. ಅವನ ಜೊತೆಯವರು, ಬೆಟ್ಟದಲ್ಲಿ ಅವನ ನೆರಳಿಗೂ ಸಮನಾಗದಿದ್ದವರು, ಒಂದೇ ಚಳಿಗಾಲ ಕಳೆದು ಬಂದು ಅವನನ್ನು ದಾಟಿ ಹೋದರು. ಅವನು ಮನೆಗೆ ಬಂದು ಏನೂ ಹೇಳದೆ ಸೈಕಲ್ ತೊಳೆಯುತ್ತಿದ್ದ. ತನ್ನಲ್ಲೇ ಏನೋ ಕೊರತೆ ಅಂತ ಇನ್ನೂ ಹೆಚ್ಚು ತುಳಿಯುತ್ತಿದ್ದ. ಎಲ್ಲರೂ ತೆಗೆದುಕೊಳ್ಳುವಾಗ ನನ್ನ ಮಗನೊಬ್ಬನೇ ಯಾಕೆ ಬರಿಗೈಯಲ್ಲಿ ಹೋಗಬೇಕು? ನೀನು ಅಲ್ಲಿ ಅವನ ರಕ್ತ ನೋಡುತ್ತಿರುತ್ತಿ ಎಂಬ ಧೈರ್ಯದಿಂದಲೇ ಕಳಿಸಿದ್ದು.

ಐವತ್ತೆಂಟು ಹೆಚ್ಚು, ಒಪ್ಪಿದೆ. ಆಸ್ಪಿರಿನ್ ಕೊಡು, ನೀರು ಕುಡಿಸು, ಒಂದು ವಾರ ಇಂಜೆಕ್ಷನ್ ಬಿಡು. ಆಮೇಲೆ ವಾರಕ್ಕೆ ಒಂದರಂತೆ ಫೆಬ್ರುವರಿ ಹತ್ತರ ತನಕ ಕೊಡು. ಅಷ್ಟೇ ಸಾಕು. ಆ ಎರಡು ಹುಡುಗರ ವಿಷಯ ಬೇಕಾದರೆ ಬಿಟ್ಟುಬಿಡು, ನಾನು ಏನಾದರೂ ಹೇಳಿಕೊಳ್ಳುತ್ತೇನೆ.

ಒಂದೇ ಬೇಡಿಕೆ. ಸಾಂದ್ರೊಗೆ ಏನೂ ಗೊತ್ತಿಲ್ಲ. ಕಬ್ಬಿಣ ಎಂದೇ ನಂಬಿದ್ದಾನೆ. ಯಾವ ಕಾರಣಕ್ಕೂ ಅವನಿಗೆ ಹೇಳಬೇಡ. ಬೇಕಾದರೆ ನಿನ್ನ ಕಾಲು ಹಿಡಿಯುತ್ತೇನೆ.

ಫ್ಲಾವಿಯಾ


ಸೌತ್ ಬಿ
೨೮ ಜನವರಿ ೧೯೯೭

ಫ್ಲಾವಿಯಾ,

ನಿನ್ನ ಕಾಗದ ಮೊನ್ನೆ ಬಂತು. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ಕ್ರಮವಾಗಿ ಹೇಳುತ್ತೇನೆ, ಕೇಳು.

ಔಷಧಿ ಹಾಳಾಯಿತು ಅಂದ ಮೇಲೆ ಅವನು ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ನಾನೇ ಫ್ಲಾಸ್ಕು ತಂದು ಊಟದ ಮೇಜಿನ ಮೇಲಿಟ್ಟೆ. ಔಷಧಿ ಕೆಟ್ಟಿಲ್ಲ, ಇದೇನು ಅಂತ ಹೇಳು ಅಂದೆ. ಅವನು ತಟ್ಟೆಯಲ್ಲಿದ್ದ ಅನ್ನ ಕಲಸುತ್ತಲೇ ಇದ್ದ. ಆಮೇಲೆ ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಆಂಟಿ, ಮಮ್ಮಾಗೆ ಹೇಳಬೇಡಿ. ಅವಳು ಇದು ಕಬ್ಬಿಣ ಅಂತಲೇ ನಂಬಿದ್ದಾಳೆ. ತನ್ನ ಕೈಯಿಂದ ನನಗೆ ಏನು ಚುಚ್ಚಿದೆ ಅಂತ ಗೊತ್ತಾದರೆ ಅವಳು ಬದುಕೋದಿಲ್ಲ."

ಅವನಿಗೆ ಮೊದಲ ದಿನದಿಂದ ಗೊತ್ತು ಕಣೇ. ತಂಡದ ಹುಡುಗರಿಗೆಲ್ಲ ಗೊತ್ತಂತೆ. ನಿನಗೆ ಗೊತ್ತಾಗಬಾರದು ಅಂತ ಅವನು ನಾಟಕ ಆಡುತ್ತಿದ್ದಾನೆ, ಅವನಿಗೆ ಗೊತ್ತಾಗಬಾರದು ಅಂತ ನೀನು. ಅವನಿಗೆ ಮಾತು ಕೊಟ್ಟೆ. ಆಮೇಲೆ ನಿನ್ನ ಕಾಗದ ಬಂತು, ಅದೂ ಅದೇ ಮಾತು ಕೇಳುತ್ತಿದೆ. ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಾನು ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಅವನಿಗೆ ಕೊಟ್ಟ ಮಾತನ್ನು ಇಲ್ಲಿ ಮುರಿದಿದ್ದೇನೆ. ನಿನ್ನ ವಿಷಯ ಅವನಿಗೆ ಹೇಳಿಲ್ಲ, ಅದು ನೀನು ಹೇಳಬೇಕಾದದ್ದು.

ನಿಲ್ಲಿಸಿದರೆ ಬೆಟ್ಟದಲ್ಲಿ ಹಿಂದೆ ಬೀಳುತ್ತೇನೆ, ಕರಾರು ಹೋಗುತ್ತದೆ, ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ ಅಂದ. ಮೊದಲು ಉಸಿರಾಡುತ್ತಾ ಇರು, ಮಿಕ್ಕಿದ್ದು ಕಲಿತುಕೊಳ್ಳಬಹುದು ಅಂತ ಗದರಿದೆ. ಬೈದ ಮೇಲೆ ನನಗೇ ಅಳು ಬಂತು. ಅವನಿಗೆ ಒಂದು ದಿನ ಬೇಕಂತೆ ಯೋಚಿಸುವುದಕ್ಕೆ. ಮಾರನೇ ದಿನ ಸೈಕಲ್ ಮುಟ್ಟದೆ ಜೋಸೆಫನ ಮಟಾಟುವಿನಲ್ಲಿ ಕೂತು ಲಿಮೂರುವಿಗೆ ಹೋಗಿ ಬಂದ. ಬಂದವನೇ ತಾನೇ ಶೀಶೆಗಳನ್ನು ಒಂದೊಂದಾಗಿ ಒಡೆದು ಸಿಂಕಿಗೆ ಚೆಲ್ಲಿದ.

ಹನ್ನೊಂದನೇ ತಾರೀಕು ವಾಮನ ಡಾಕ್ಟರು ಅವನ ಮೈಯಿಂದ ಒಂದು ಬಾಟಲಿ ರಕ್ತ ತೆಗೆದರು. ಆರೋಗ್ಯವಂತನದಾದರೆ ಹತ್ತು ನಿಮಿಷದ ಕೆಲಸ. ಇವನದು ಇಳಿಯಲೇ ಒಲ್ಲದು. ಕಪ್ಪು ದ್ರಾಕ್ಷಿಯ ರಸದಂತೆ ಟ್ಯೂಬಿನಲ್ಲಿ ತೆವಳುತ್ತಿತ್ತು. ಅವನು ಕಣ್ಣು ಮುಚ್ಚದೆ ನೋಡುತ್ತಲೇ ಇದ್ದ. ಇವತ್ತಿಗೆ ಐವತ್ತೊಂದಕ್ಕೆ ಇಳಿದಿದೆ, ತಲೆನೋವು ಇಲ್ಲ.

ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. "ಇಪ್ಪತ್ತೆರಡು ವರ್ಷದಿಂದ ಕಟ್ಟಿದ ಲ್ಯಾಬು ಅಮ್ಮಾ ಇದು, ನಿನ್ನ ಮುಖ ನೋಡಿ ಸಹಿ ಹಾಕಿದೆ" ಅಂದರು. ಅದಕ್ಕಿಂತ ಹೆಚ್ಚು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಆ ಸರ್ಟಿಫಿಕೇಟು ತಪ್ಪು, ಹಿಂತೆಗೆದುಕೊಂಡಿದ್ದೇವೆ ಅಂತ ಇಬ್ಬರೂ ಸಹಿ ಹಾಕಿ ನಿಮ್ಮ ಸೈಕಲ್ ಫೆಡರೇಶನ್ನಿಗೆ, ತಂಡಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಸಾಂದ್ರೊನನ್ನು ಕೇಳಿಯೇ ಕಳಿಸಿದ್ದು. ನಿನ್ನನ್ನು ಕೇಳಲಿಲ್ಲ.

ಕಮಲಾ


ಬೆರ್ಗಾಮೊ
೮ ಫೆಬ್ರುವರಿ ೧೯೯೭

ಕಮಲಾ,

ನಿನ್ನನ್ನು ಯಾರು ಕೇಳಿದರು ಆ ಕಾಗದ ಬರೆಯಲಿಕ್ಕೆ? ಔಷಧಿ ನಿಲ್ಲಿಸಿದಿ, ರಕ್ತ ತೆಗೆದಿ, ಅಷ್ಟಕ್ಕೆ ಬಿಡಬಹುದಿತ್ತು. ಈಗ ತಂಡದ ಮ್ಯಾನೇಜರು ನನ್ನ ಫೋನು ಎತ್ತುವುದಿಲ್ಲ. ಡಾಕ್ಟರು ನನ್ನ ಪರಿಚಯವೇ ಇಲ್ಲವೆನ್ನುತ್ತಾರೆ. ಮಾರ್ಚಿಗೆ ಅವನ ಹೆಸರು ಹಾಕುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ನನ್ನ ಮಗನ ಅನ್ನಕ್ಕೆ ಕಲ್ಲು ಹಾಕಿದಿ.

ದೊಡ್ಡ ಸತ್ಯವಂತೆ ಆಗಬೇಡ. ನೈರೋಬಿಯಲ್ಲಿ ಹುಟ್ಟಿ ಬೆಳೆದ ನಿನ್ನ ಮಗಳು ಏಳು ವರ್ಷ ಕರ್ನಾಟಕದಲ್ಲಿ ಓದಿದಳು ಎಂಬ ಕಾಗದ ಹುಟ್ಟಿದ್ದು ಹೇಗೆ? ಅವಳಿಗೆ ಮೆಡಿಕಲ್ ಸೀಟು ಸಿಗಲಿ ಎಂದು ಶಾಲೆ ಶಾಲೆ ಸುತ್ತಿ ಅದನ್ನು ಮಾಡಿಸಿಕೊಟ್ಟವನು ನನ್ನ ಅಣ್ಣ ಸೆಬಾಸ್ಟಿಯನ್. ಆಗ ನಿನಗೆ ರಿಜಿಸ್ಟರ್ಡ್ ಪೋಸ್ಟು ನೆನಪಾಗಲಿಲ್ಲ.

ಅವನು ನನ್ನ ಮಗ, ನಿನ್ನವನಲ್ಲ. ಟಿಕೆಟು ಹದಿನೇಳಕ್ಕೆ ಉಂಟು. ಕಳಿಸಿಕೊಡು. ಇನ್ನು ಬರೆಯಬೇಡ.

ಫ್ಲಾವಿಯಾ


ಸೌತ್ ಬಿ
೧೯ ಫೆಬ್ರುವರಿ ೧೯೯೭

ಫ್ಲಾವಿಯಾ,

ಬರೆಯಬೇಡ ಅಂದೆ, ಆದರೂ ಇಷ್ಟು ಹೇಳಲೇಬೇಕು. ಮೊನ್ನೆ ಅವನನ್ನು ವಿಮಾನ ಹತ್ತಿಸಿದೆವು. ಹೊರಡುವ ಹಿಂದಿನ ದಿನ ರಕ್ತ ನಲವತ್ತೆಂಟು. ಕೊನೆಯ ವಾರ ಲಿಮೂರು ಹತ್ತುವಾಗ ಮಟಾಟು ಇವನನ್ನು ದಾಟಿಹೋಯಿತಂತೆ. ಅದನ್ನು ನಗುತ್ತಾ ಹೇಳಿದ. ನಮ್ಮವರು ಆ ದಿನದ ಗ್ರಾಫು ಬರೆಯಲಿಲ್ಲ.

ಮಗಳ ಕಾಗದದ ವಿಷಯ ನೀನು ಹೇಳಿದ್ದು ಸರಿ. ಮಾಡಿಸಿದ್ದು ನಿಜ. ಸೆಬಾಸ್ಟಿಯನ್ ಹತ್ತಿರ ಗೋಗರೆದದ್ದೂ ನಿಜ. ಮೊದಲ ದಿನ ಆ ತಿಳಿ ಔಷಧಿಯನ್ನು ಕಂಡೂ ಬಾಯಿ ಬಿಡದಿದ್ದದ್ದು ಆ ಋಣಕ್ಕೇ. ಫ್ಲಾವಿಯಾ ನನ್ನನ್ನು ಏನೂ ಕೇಳದೆ ಮಾಡಿಸಿಕೊಟ್ಟಳು, ನಾನೂ ಕೇಳಬಾರದು ಅಂದುಕೊಂಡೆ. ಆ ಲೆಕ್ಕದಲ್ಲಿ ಆರು ವಾರ ನಿನ್ನ ಮಗನ ತೋಳಿಗೆ ಚುಚ್ಚಿದೆ. ನನ್ನ ಸುಳ್ಳಿನಿಂದ ಯಾವ ಹುಡುಗಿಯ ಸೀಟು ಹೋಯಿತೋ ನನಗೆ ಗೊತ್ತಿಲ್ಲ. ಅದನ್ನು ಸರಿಮಾಡುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಇದನ್ನು ಮಾಡುವಷ್ಟು ಇತ್ತು, ಮಾಡಿದೆ.

ಅವನು ಮುಟ್ಟಿದ ಅಂತ ಒಂದು ಸಾಲು ಹಾಕು.

ಕಮಲಾ


ಸೌತ್ ಬಿ
೧೯ ಮಾರ್ಚ್ ೧೯೯೭

ಫ್ಲಾವಿಯಾ,

ನಾಲ್ಕು ವಾರವಾಯಿತು. ರೇಸು ಮುಗಿದಿರಬೇಕು. ಇಲ್ಲಿಯ ಪೇಪರಿನಲ್ಲಿ ಸೈಕಲ್ಲಿನ ಸುದ್ದಿ ಬರುವುದಿಲ್ಲ. ಬೇಡ ಅಂದರೂ ಮನಸ್ಸು ಕೆಟ್ಟದ್ದನ್ನೇ ಯೋಚಿಸುತ್ತದೆ, ಕಟ್ಟಿಕೊಂಡ ರಕ್ತ ಒಂದು ಕಡೆ ಕೂತಿದ್ದು ಆಮೇಲೆ ಹೊರಟಿದ್ದರೆ ಅಂತ. ಹೆಲನ್ ದಿನಾ ಕೇಳುತ್ತಾಳೆ, ನಾನು "ಸವಾ, ಸವಾ" ಅನ್ನುತ್ತೇನೆ, ಎಲ್ಲ ಸರಿಯಿದೆ ಅಂತ. ಲ್ಯಾಬಿನಿಂದ ನಿಮ್ಮ ಮನೆಗೆ ಎರಡು ಸಲ ಫೋನು ಮಾಡಿದೆ, ಪಿಯೆತ್ರೊ ಎತ್ತಿದರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ದನಿ ಮಾಮೂಲಾಗಿತ್ತು. ಅಷ್ಟರಲ್ಲೇ ಸಮಾಧಾನ ಮಾಡಿಕೊಂಡಿದ್ದೇನೆ.

ನನ್ನ ಮೇಲೆ ಎಷ್ಟು ಸಿಟ್ಟಾದರೂ ಇರಲಿ. ಅವನು ಇದ್ದಾನೆ ಅಂತ ಹೇಳು.

ಕಮಲಾ


ಬೆರ್ಗಾಮೊ
೬ ಏಪ್ರಿಲ್ ೧೯೯೭

ಕಮಲಾ,

ಅವನು ಇದ್ದಾನೆ. ಮನೆಯ ಕೆಳಗಿನ ವರ್ಕ್‌ಶಾಪಿನಲ್ಲಿ ಅಪ್ಪನ ಜೊತೆ ಬಾಗಿಲಿನ ಹಲಗೆಗೆ ಕೀಸುಳಿ ಹಾಕುತ್ತಿದ್ದಾನೆ. ಸದ್ದು ಇಲ್ಲಿಗೆ ಕೇಳುತ್ತದೆ.

ಮಾರ್ಚಿಗೆ ಅವನ ಹೆಸರು ಹಾಕಿದರು, ಹಾಕದಿದ್ದರೆ ಯಾಕೆಂದು ಜನ ಕೇಳಿಯಾರು ಎಂಬ ಭಯಕ್ಕೆ. ಮೊದಲ ದಿನ ಬೆಳಿಗ್ಗೆ ಹೋಟೆಲಿಗೆ ಬಂದು ಸವಾರರ ರಕ್ತ ತೆಗೆದರು. ಇವನದು ನಲವತ್ತೇಳು. ಐದನೇ ದಿನ ದೊಡ್ಡ ಬೆಟ್ಟ. ನಾನು ರಜೆ ಹಾಕಿ ಹೋಗಿ ತುದಿಗಿಂತ ಮೂರು ಕಿಲೋಮೀಟರು ಕೆಳಗೆ ನಿಂತಿದ್ದೆ. ಮುಂದಿನ ಗುಂಪು ಹೋಯಿತು, ಅದರಲ್ಲಿ ತಂಡದ ಆ ಇಬ್ಬರು ಹುಡುಗರಲ್ಲಿ ಒಬ್ಬ ಇದ್ದ. ಆಮೇಲೆ ಗುಂಪು ಗುಂಪಾಗಿ ಬಂದರು, ಒಬ್ಬೊಬ್ಬರಾಗಿ ಬಂದರು. ನೋಡುವವರು ಕುರ್ಚಿ ಮಡಿಸಲು ಶುರು ಮಾಡಿದರು. ಇಪ್ಪತ್ತೊಂದು ನಿಮಿಷ ಕಳೆದು ಸಾಂದ್ರೊ ಬಂದ. ಹಿಂದುಳಿದವರನ್ನು ಹತ್ತಿಸಿಕೊಳ್ಳುವ ವ್ಯಾನು ಅವನ ಹಿಂದೆಯೇ ಹಾರನ್ ಹಾಕುತ್ತಿತ್ತು. ಅವನು ಹತ್ತಲಿಲ್ಲ. ನನ್ನನ್ನು ನೋಡಿದ, ನಿಲ್ಲಲಿಲ್ಲ.

ಎಂಟು ದಿನವನ್ನೂ ಮುಗಿಸಿದ. ತೊಂಬತ್ತೇಳನೆಯವನು. ಕರಾರು ಮುಂದಿನ ಗುಂಪಿನಲ್ಲಿದ್ದ ಆ ಹುಡುಗನಿಗೆ ಹೋಯಿತು. ಈಗ ಊರಿನ ಹವ್ಯಾಸಿ ಕ್ಲಬ್ಬಿನಲ್ಲಿ ಭಾನುವಾರ ತುಳಿಯುತ್ತಾನೆ. ಮತ್ತೆ ಯಾವುದಾದರೂ ತಂಡ ಕರೆಯಬಹುದು ಎಂದು ಪಿಯೆತ್ರೊ ಹೇಳುತ್ತಾನೆ. ಕರೆಯುವುದಿಲ್ಲ, ನನಗೆ ಗೊತ್ತು. ಅವನಿಗೂ ಗೊತ್ತು.

ನಿನ್ನ ಮೇಲೆ ನನಗೆ ಬಂದದ್ದು ಸಣ್ಣ ಸಿಟ್ಟಲ್ಲ. ನಿನ್ನ ಎರಡು ಕಾಗದವನ್ನೂ ಒಡೆಯದೆ ಡ್ರಾಯರಿಗೆ ಹಾಕಿದ್ದೆ. ಈಸ್ಟರಿನ ಮರುದಿನ ಪಿಯೆತ್ರೊ ಮಲಗಿದ್ದಾಗ ಸಾಂದ್ರೊ ಮತ್ತು ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆವು. ನಾನೇ ಕೇಳಿದೆ, ಅದು ಏನೆಂದು ನಿನಗೆ ಮೊದಲೇ ಗೊತ್ತಿತ್ತಾ ಅಂತ. ಅವನು ಹೌದೆಂದ. ತಟ್ಟೆ ಕೆಳಗಿಟ್ಟು, "ಮಮ್ಮಾ, ನಿನಗೆ?" ಎಂದ. ನನಗೂ ಮೊದಲೇ ಅಂದೆ. ಅವನು ಬೈಯಲಿಲ್ಲ. ನನ್ನ ತಲೆಯನ್ನು ತನ್ನ ಎದೆಗೆ ಹಿಡಿದುಕೊಂಡು, ನೀನೂ ನನ್ನ ಹಾಗೆಯೇ ಹೆದರಿದ್ದಿ ಪಾಪ, ನನ್ನ ಜೀವ ಉಳಿಯಲಿ ಎಂದು ಆ ಆಂಟಿಯ ಹತ್ತಿರ ಕಳಿಸಿದಿ ಎಂದ. ನಾನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಮಾರನೇ ದಿನ ನಿನ್ನ ಕಾಗದಗಳನ್ನು ಒಡೆದೆ.

ನಿನ್ನ ಮಗಳ ಮಾತು ಎತ್ತಿದ್ದು ನನ್ನ ನೀಚತನ, ಅದನ್ನು ಕ್ಷಮಿಸು. ಆದರೆ ಇನ್ನೊಂದು ಉಂಟು, ಅದನ್ನು ನಿನಗೆ ಮೊದಲು ಹೇಳಬೇಕು. ಜನವರಿ ಹದಿಮೂರಕ್ಕೆ ನಿನ್ನ ಆ ಕಾಗದ ಬಂತು. ವಾರ್ಡಿನ ಹೊರಗಿನ ಮೆಟ್ಟಿಲ ಮೇಲೆ ನಿಂತು ಓದಿದೆ. ಐವತ್ತೆಂಟು ಎಂದಿತ್ತು. ಇಷ್ಟು ವರ್ಷ ನರ್ಸಾಗಿದ್ದವಳಿಗೆ ಐವತ್ತೆಂಟು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಮೆಟ್ಟಿಲ ಮೇಲೆ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತುಂಟಾ? ಬೆರಳು ಮಡಿಸಿ ರೇಸಿಗೆ ಎಷ್ಟು ದಿನ ಉಳಿಯಿತು ಎಂದು ಎಣಿಸಿದೆ. ಐವತ್ತೈದು ದಿನ. ಇಳಿಸಲಿಕ್ಕೆ ಸಾಕಷ್ಟು ಸಮಯ ಉಂಟು ಎಂದು ಸಮಾಧಾನವಾಯಿತು. ಅವನು ಸಾಯಬಹುದು ಎಂಬುದು ಅದರ ನಂತರ ಹೊಳೆಯಿತು, ಕಮಲಾ.

ಮದುವೆಯಾದ ಮೇಲೆ ಎರಡು ವರ್ಷ ಅವನು ನನ್ನನ್ನು ಫ್ಲಾವಿಯಾ ಎಂದೇ ಕರೆಯುತ್ತಿದ್ದ. ನಾನು ಯಾವತ್ತೂ ಒತ್ತಾಯ ಮಾಡಲಿಲ್ಲ, ಮಮ್ಮಾ ಎಂದದ್ದು ಅವನೇ ತಾನಾಗಿ. ಈಗ ಕೀಸುಳಿಯ ಸದ್ದು ನಿಂತಿದೆ, ಕೈ ತೊಳೆದು ಊಟಕ್ಕೆ ಮೇಲೆ ಬರುತ್ತಾನೆ. ಬಂದ ಕೂಡಲೇ ಆ ಮೆಟ್ಟಿಲ ಮೇಲೆ ದಿನ ಎಣಿಸಿದ್ದನ್ನು ಹೇಳುತ್ತೇನೆ. ಕೇಳಿದ ಮೇಲೂ ಅವನು ಮಮ್ಮಾ ಎಂದರೆ ನಿನಗೆ ಬರೆಯುತ್ತೇನೆ.

ಫ್ಲಾವಿಯಾ